ಗಾಳಿಗೆ ಬಡಿದುಕೊಳ್ಳುವ ಕಿಟಕಿ

ಮೊನ್ನೆ ಮಂಚದ ಕೆಳಗೆ ಉರುಳಿಹೋದ ಗುಳಿಗೆಯೊಂದನ್ನು ಹೆಕ್ಕಲು ಬಗ್ಗಿದೆ. ಬಲ ಮೊಣಕಾಲಿನಿಂದ ‘ಟಕ್’ ಎಂದು ಶಬ್ದ ಬಂತು, ಒಣ ಕಡ್ಡಿ ಮುರಿದ ಹಾಗೆ. ನೋವೇನೂ ಇರಲಿಲ್ಲ. ನೋವಿಲ್ಲ ಎಂಬುದೇ ನನ್ನ ಚಿಂತೆಗೆ ಸಾಕಾಯಿತು. ನೋವಿದ್ದರೆ ಏನೋ ಒಂದು ಹೆಸರಿರುತ್ತದೆ. ನೋವಿಲ್ಲದ ಶಬ್ದವೆಂದರೆ ಒಳಗೆ ಯಾವುದೋ ದೊಡ್ಡ ಹುನ್ನಾರ ನಡೆಯುತ್ತಿದೆ ಎಂದೇ ಅರ್ಥ. ಇಂಥ ತರ್ಕದಲ್ಲಿ ನಾನು ಪಳಗಿದವನು. ಅಂದೇ ಸಂಜೆ ದುಬೈಯ ಅಲ್ ನಹ್ದಾದ ನಮ್ಮ ಕಟ್ಟಡದ ಪಕ್ಕದಲ್ಲೇ ಇರುವ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಹೋದೆ.

ಅಲ್ಲಿದ್ದವಳು ಪುತ್ತೂರಿನ ಹುಡುಗಿ. ನನ್ನ ಕಾಲನ್ನು ಮಡಚಿ, ಬಿಡಿಸಿ, ಕಿವಿಗೊಟ್ಟು ಕೇಳಿ, “ಅಂಕಲ್, ನೀವು ಮೊದಲು ಕೂತು ಏಳುವ ಕೆಲಸ ಎಂತಾದ್ರೂ ಮಾಡಿದ್ದುಂಟಾ? ಈ ಟೈಲ್ಸ್ ಹಾಕುವುದು, ಹಾಗೆ?” ಎಂದಳು.

“ಟೈಲ್ಸ್ ಹಾಕುವುದಲ್ಲ. ಹಾಕಿದ್ದು ಸರಿ ಉಂಟಾ ಅಂತ ನೋಡುವ ಕೆಲಸ. ಅದಕ್ಕೆ ಅಷ್ಟು ಬಗ್ಗಬೇಕಾಗಿಲ್ಲ. ಮೂರು ವರ್ಷ ಬೇಸ್‌ಬಾಲ್ ಅಂಪೈರ್ ಆಗಿದ್ದೆ.”

“ಟೀವಿಯಲ್ಲಾ?”

“ಅಲ್ಲ, ಶುಕ್ರವಾರ.”

ಅವಳು ನನ್ನನ್ನು ಒಮ್ಮೆ ನೋಡಿದಳು. ಆಮೇಲೆ ಫಾರಂನಲ್ಲಿ ಏನೋ ಬರೆದುಕೊಂಡಳು. ಏನು ಬರೆದಳೋ ಎಂಬ ಚಿಂತೆ ಎರಡು ದಿನ ಇತ್ತು.

ನೀವೂ ಆ ಹುಡುಗಿಯ ಹಾಗೆಯೇ ನೋಡುತ್ತಿದ್ದೀರಿ ಎಂದು ನನಗೆ ಗೊತ್ತು. ಕರಾವಳಿಯವನೊಬ್ಬ ಕಬಡ್ಡಿಗೆ ಅಂಪೈರಾದ ಎಂದರೆ ನಂಬಬಹುದು, ವಾಲಿಬಾಲಿಗೆ ಎಂದರೂ ನಂಬಬಹುದು. ಬೇಸ್‌ಬಾಲಿಗೆ, ಅದೂ ದುಬೈಯಲ್ಲಿ! ಆದರೆ ನಡೆದದ್ದು ನಡೆದ ಹಾಗೆ ಹೇಳುತ್ತೇನೆ, ಕೇಳಿ.

ಎರಡು ಸಾವಿರದ ಹತ್ತರ ದಶಕದ ನಡುವಿನ ವರ್ಷಗಳವು. ಆಗ ಇಲ್ಲಿ ವಾರದ ರಜೆ ಶುಕ್ರವಾರ ಮತ್ತು ಶನಿವಾರ. ಮಗಳು ಧೃತಿಗೆ ಹನ್ನೊಂದು ವರ್ಷ. ನಮ್ಮ ಮನೆಯಲ್ಲಿ ಕನ್ನಡ, ತುಳು ಎರಡೂ ಬೆರೆತ ಭಾಷೆ. ಅವಳ ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಕ್ಲಾಸಿನ ಗೆಳತಿಯೊಬ್ಬಳು ಸೇರಿದಳೆಂದು ಇವಳೂ ಮಕ್ಕಳ ಬೇಸ್‌ಬಾಲ್ ತಂಡವೊಂದಕ್ಕೆ ಸೇರುತ್ತೇನೆಂದು ಹಟ ಹಿಡಿದಳು. ಕ್ರಿಕೆಟ್ ಆಡಬಹುದಲ್ಲ ಎಂದೆ. “ನೋ ಅಪ್ಪ. ಕ್ರಿಕೆಟ್ ಆದ್ರೆ ನೀವು ಅಡ್ವೈಸ್ ಕೊಡ್ತೀರಿ” ಎಂದಳು. ನನಗೆ ಏನೊಂದೂ ತಿಳಿಯದ ಆಟವನ್ನು ಹುಡುಕಿಕೊಂಡು ಹೋಗಿದ್ದಳು ಜಾಣೆ.

ತಂಡಕ್ಕೆ ಮಕ್ಕಳನ್ನು ಸೇರಿಸಿದ ತಂದೆ ತಾಯಿಯರು ಯಾವುದಾದರೊಂದು ಕೆಲಸ ಒಪ್ಪಿಕೊಳ್ಳಬೇಕೆಂದು ಅಲ್ಲಿಯ ಪದ್ಧತಿ. ಕಿತ್ತಳೆ ಹಣ್ಣು ಹೋಳು ಮಾಡಿ ತರುವುದು, ಮೈದಾನದ ಮಣ್ಣು ಹರಗುವುದು, ಸ್ಕೋರು ಬರೆಯುವುದು, ಹೀಗೆ. ಅದಕ್ಕೊಂದು ಸಭೆ ಕರೆದಿದ್ದರು. ತಡವಾದೀತೆಂಬ ಭಯದಿಂದ ನಾನು ಎಲ್ಲಿಗೂ ಮುಕ್ಕಾಲು ಗಂಟೆ ಮೊದಲೇ ಹೋಗುವವನು. ಹೋದಾಗ ಅಲ್ಲಿದ್ದದ್ದು ಅಂಪೈರುಗಳ ಉಸ್ತುವಾರಿ ನೋಡುವ ಗ್ಯಾರಿ ಒಬ್ಬನೇ. ಟೆಕ್ಸಾಸಿನವನು, ಆರಡಿಯ ಮೇಲೆ ಇನ್ನೂ ನಾಲ್ಕು ಇಂಚು. ಅಬುಧಾಬಿಯಿಂದಲೂ ಆಚೆ, ಮರಳುಗಾಡಿನ ಮದೀನತ್ ಜಾಯೆದ್ ಕಡೆಯ ತೈಲದ ಕೆಲಸದಲ್ಲಿದ್ದು, ರಜೆಗೆ ದುಬೈಯಲ್ಲಿರುವ ಮನೆಗೆ ಬರುತ್ತಿದ್ದ. ಖಾಲಿ ಕುರ್ಚಿಗಳ ನಡುವೆ ಕೂತಿದ್ದ ನನ್ನನ್ನು ಕಂಡು ಇಷ್ಟೊಂದು ಉತ್ಸಾಹದ ತಂದೆಯನ್ನು ತಾನು ನೋಡಿಯೇ ಇಲ್ಲವೆಂದು ಕೈ ಕುಲುಕಿದ. ಕಿತ್ತಳೆಯ ಪಟ್ಟಿ ಎಲ್ಲಿದೆ ಎಂದು ನಾನು ಕೇಳುವ ಮೊದಲೇ ಅಂಪೈರ್ ಪಟ್ಟಿಯನ್ನು ನನ್ನ ಮುಂದಿಟ್ಟ. ಇಲ್ಲ ಎನ್ನಲು ನನಗೆ ಯಾವತ್ತೂ ಬಂದದ್ದಿಲ್ಲ. ಆ ಪಟ್ಟಿಯ ಮೊದಲ ಹೆಸರು ನನ್ನದು. ಸಭೆ ಮುಗಿಯುವಾಗ ನೋಡಿದರೆ ಕೊನೆಯದ್ದೂ ನನ್ನದೇ.

ಆಟ ಗೊತ್ತಿಲ್ಲದವರಿಗೆ ಇಷ್ಟು ಹೇಳಿದರೆ ಸಾಕು. ನನಗೂ ಆಗ ಇಷ್ಟೇ ಗೊತ್ತಿದ್ದದ್ದು. ಬ್ಯಾಟು ಹಿಡಿದು ನಿಂತವನ ಮುಂದೆ ಗಾಳಿಯಲ್ಲಿ ಒಂದು ಕಿಟಕಿ ಇದೆ ಎಂದು ಭಾವಿಸಿಕೊಳ್ಳಬೇಕು. ನೆಲದಲ್ಲಿ ಹೂತಿಟ್ಟ ಬಿಳಿಯ ಹಲಗೆ ಎಷ್ಟು ಅಗಲವೋ ಕಿಟಕಿ ಅಷ್ಟು ಅಗಲ. ಕೆಳಗಡೆ ಮೊಣಕಾಲಿನಿಂದ ಮೇಲೆ ಎದೆಯ ನಡುವಿನ ತನಕ ಅದರ ಎತ್ತರ. ಎಸೆದ ಚೆಂಡು ಆ ಕಿಟಕಿಯಲ್ಲಿ ಹಾದುಬಂದು ಬ್ಯಾಟು ಬೀಸದೆ ಬಿಟ್ಟರೆ ಸ್ಟ್ರೈಕ್. ಕಿಟಕಿಯ ಹೊರಗಿನಿಂದ ಹೋದರೆ ಬಾಲ್. ಮೂರು ಸ್ಟ್ರೈಕ್ ಆದರೆ ಔಟ್, ನಾಲ್ಕು ಬಾಲ್ ಆದರೆ ಬೀಸದೆಯೇ ಮೊದಲ ಬೇಸಿಗೆ ನಡೆದುಕೊಂಡು ಹೋಗಬಹುದು. ಮೂರು ಬೇಸುಗಳನ್ನು ಸುತ್ತಿ ಹಲಗೆಗೆ ಮರಳಿದರೆ ಒಂದು ರನ್, ಮೂವರು ಔಟಾದರೆ ತಂಡದ ಸರದಿ ಮುಗಿಯಿತು. ಇಷ್ಟೇ. ತೊಡಕೇನೆಂದರೆ ಆ ಕಿಟಕಿಗೆ ಚೌಕಟ್ಟಿಲ್ಲ, ಗಾಜಿಲ್ಲ. ಹೊಸಬ ಬ್ಯಾಟು ಹಿಡಿದು ಬಂದಾಗಲೆಲ್ಲ, ಅವನ ಎತ್ತರಕ್ಕೆ ತಕ್ಕಂತೆ ಅದು ಬದಲಾಗುತ್ತದೆ. ಹಿಂದೆ ಬಗ್ಗಿ ನಿಂತ ಅಂಪೈರನ ತಲೆಯೊಳಗಲ್ಲದೆ ಇನ್ನೆಲ್ಲಿಯೂ ಅದು ಇಲ್ಲ.

ನನ್ನ ಉದ್ಯೋಗವನ್ನು ಹೇಳಿದೆನಲ್ಲ. ಹೊಸ ಫ್ಲ್ಯಾಟುಗಳನ್ನು ಬೀಗದ ಕೈ ಕೊಡುವ ಮುಂಚೆ ಪರೀಕ್ಷಿಸುವುದು. ಎರಡು ಟೈಲುಗಳ ನಡುವೆ ಎಷ್ಟು ಏರುಪೇರಿರಬಹುದೆಂದು ಕಾಗದದಲ್ಲಿದೆ. ಮಟ್ಟಗೋಲು ಇಟ್ಟು ನೋಡುತ್ತೇನೆ. ಅದರ ಗಾಜಿನ ನಳಿಗೆಯೊಳಗಿನ ಗಾಳಿಗುಳ್ಳೆ ನಡುವೆ ನಿಂತರೆ ಸರಿ, ಜರುಗಿದರೆ ತಪ್ಪು. ಮೇಸ್ತ್ರಿ ಬಂದು “ಖಲಾಸ್ ಸಾಬ್, ಛೋಡ್ ದೋ” ಎಂದರೆ ನಾನು ಗುಳ್ಳೆಯನ್ನು ತೋರಿಸುತ್ತೇನೆ. ತೀರ್ಪು ನನ್ನದಲ್ಲ, ಗುಳ್ಳೆಯದ್ದು. ಇಪ್ಪತ್ತು ವರ್ಷ ಆ ಗುಳ್ಳೆಯ ಹಿಂದೆ ಅವಿತುಕೊಂಡು ಬದುಕಿದ ಮನುಷ್ಯನನ್ನು ತಂದು ಚೌಕಟ್ಟಿಲ್ಲದ ಕಿಟಕಿಯ ಕಾವಲಿಗೆ ನಿಲ್ಲಿಸಿದರೆ ಹೇಗಾದೀತು?

ಸಿದ್ಧತೆಯಲ್ಲೇನೂ ಕಡಿಮೆ ಮಾಡಲಿಲ್ಲ. ಹಳೆಯ ಪೇಟೆ ನೈಫಿನ ಓಣಿಗಳಲ್ಲಿ ಅಲೆದು ಟೈಲ್ಸ್ ಹಾಕುವವರು ಕಟ್ಟಿಕೊಳ್ಳುವ ಮೊಣಕಾಲಿನ ಪ್ಯಾಡು ಕೊಂಡುತಂದೆ. ಗ್ಯಾರಿ ಕೊಟ್ಟ ಮುಖದ ಜಾಲರಿ, ಎದೆಗವಚ, ಅದರ ಕೆಳಗೆ ನೈಫಿನ ಪ್ಯಾಡು. ಹೆಂಡತಿ ಬಾಗಿಲಲ್ಲಿ ನಿಂತು ಮೇಲಿಂದ ಕೆಳಗೆ ನೋಡಿ, “ಯುದ್ಧಕ್ಕಾ, ಬಚ್ಚಲುಮನೆ ಟೈಲ್ಸಿಗಾ?” ಎಂದಳು.

ನನ್ನ ಮೊದಲ ಪಂದ್ಯ ಅಬುಧಾಬಿಯ ಮಕ್ಕಳ ತಂಡಕ್ಕೂ ದುಬೈಯ ಬೇರೊಂದು ತಂಡಕ್ಕೂ. ಚೆಂಡು ಮುಖಕ್ಕೇ ಬರುವುದೆಂಬ ಭಯದಿಂದ ನಾನು, ಹಲಗೆಯ ಹಿಂದೆ ಕೂತು ಚೆಂಡು ಹಿಡಿಯುವ ಮಗುವಿನ ಬೆನ್ನಿಗೆ, ಲೈಟುಕಂಬದ ಹಾಗೆ ನಿಂತಿದ್ದೆ. ಮಗುವಿನ ತಲೆ ನನ್ನ ಸೊಂಟಕ್ಕೆ ಬರುತ್ತಿತ್ತು. ಅಷ್ಟು ಎತ್ತರದಿಂದ ನೋಡಿದವನಿಗೆ ಎಲ್ಲ ಚೆಂಡೂ ತಗ್ಗಿನಲ್ಲಿ ಬಂದಂತೆಯೇ ಕಾಣುತ್ತದೆ. ಹಾಗಾಗಿ ನಾನು “ಬಾಲ್, ಬಾಲ್” ಎಂದು ಜಪ ಮಾಡುತ್ತಿದ್ದೆ. ಮಕ್ಕಳು ಬ್ಯಾಟು ಬೀಸದೆಯೇ ಮೆರವಣಿಗೆಯಂತೆ ಬೇಸಿನಿಂದ ಬೇಸಿಗೆ ನಡೆಯುತ್ತಿದ್ದರು. ಆಗ ಬದಿಯಿಂದ ಒಂದು ಕಂಠ ಕೇಳಿತು.

“ಒಂತೆ ಬಗ್ಗುಲೆ ಮಾರಾಯ್ರೆ!”

ಮರಳುಗಾಡಿನ ಮೈದಾನದಲ್ಲಿ, ಅಮೆರಿಕದ ಆಟದ ನಡುವೆ, ಸ್ವಲ್ಪ ಬಗ್ಗಿ ಎಂದು ತುಳುವಿನಲ್ಲಿ ಯಾರಾದರೂ ಗದರಿದರೆ ನೀವೇನು ಮಾಡುತ್ತೀರಿ? ನಾನು ಬಗ್ಗಿದೆ.

ಅವರೇ ಹಿಲ್ಡಾ ಬಾಯಿ. ಅಬುಧಾಬಿಯ ಆಸ್ಪತ್ರೆಯೊಂದರಲ್ಲಿ ನರ್ಸು, ಅಲ್ಲಿಯ ಮಕ್ಕಳ ತಂಡಕ್ಕೆ ಕೋಚು. ಮಂಗಳೂರಿನ ಕಾಲೇಜಿನಲ್ಲಿ ಸಾಫ್ಟ್‌ಬಾಲ್ ಆಡಿ ಬಂದವರು. ಐದಡಿಗೆ ಎರಡು ಇಂಚು ಕಡಿಮೆ; ಗಂಟಲು ಮಾತ್ರ ಇಡೀ ವಾರ್ಡಿಗೆ ಕೇಳುವಂಥದ್ದು. ಆಟ ಮುಗಿದ ಮೇಲೆ ಬಂದು, “ಊರು ಎಲ್ಲಿ ನಿಮ್ಮದು? ಕಾಪುವಾ? ನಿಂತ ರೀತಿಯಲ್ಲೇ ಗೊತ್ತಾಯ್ತು, ನಿಮ್ಮೂರಿನ ದೀಪಸ್ತಂಭದ ಹಾಗೆ” ಎಂದರು.

ಇವರ ಪರಿಚಯವಾದ ಮೇಲೆ ನನಗೊಂದು ವಿಷಯ ಹೊಳೆಯಿತು. ನಿಯಮದ ಪುಸ್ತಕ ಒಂದೇ ಆದರೂ ಒಬ್ಬೊಬ್ಬ ಅಂಪೈರನ ಕಿಟಕಿ ಒಂದೊಂದು ಕಡೆ. ಗ್ಯಾರಿಗೆ ಸೊಂಟನೋವು, ಬಗ್ಗಲಾರ. ಅವನದ್ದು ಮೇಲಿನ ಮಹಡಿಯ ಕಿಟಕಿ. ಎದೆಗಿಂತ ಎತ್ತರದ್ದನ್ನೂ ಸ್ಟ್ರೈಕ್ ಎನ್ನುತ್ತಿದ್ದ. ಹಿಲ್ಡಾ ಬಾಯಿ ಬೇರೆ ತಂಡಗಳ ಪಂದ್ಯಕ್ಕೆ ಅಂಪೈರಾಗಿ ನಿಂತರೆ, ಮೊದಲೇ ಕುಳ್ಳಗೆ, ಮತ್ತೂ ಬಗ್ಗಿ ನೋಡುತ್ತಿದ್ದರು. ಅವರದ್ದು ನೆಲಮಾಳಿಗೆಯ ಕಿಟಕಿ. ಹಿಡಿಯುವ ಮಗುವಿನ ಯಾವ ಭುಜದ ಮೇಲಿಂದ ಇಣುಕುತ್ತೇವೆ ಎಂಬುದರಿಂದಲೂ ವ್ಯತ್ಯಾಸ. ಒಳಬದಿಯಿಂದ, ಅಂದರೆ ಬ್ಯಾಟು ಹಿಡಿದವನ ಕಡೆಯಿಂದ, ಇಣುಕಿದವನಿಗೆ ಹೊರಗಿನ ಕೆಳಮೂಲೆ ಮಸುಕು. ಕೆಲವು ಚುರುಕು ಮಕ್ಕಳು ಹೊರಗೆ ಹೋಗುತ್ತಿದ್ದ ಚೆಂಡನ್ನು ಹಿಡಿದು ಮೆಲ್ಲನೆ ಕೈಗವಸನ್ನು ಒಳಗೆ ಜಾರಿಸಿ, ಏನೂ ಅರಿಯದ ಮುಖ ಮಾಡಿ ಕೂತಿರುತ್ತಿದ್ದರು. ಅದಕ್ಕೆ ಮರುಳಾಗುವವನ ಕಿಟಕಿ ಇನ್ನೊಂದು ಥರ. ಮಕ್ಕಳು ಇದನ್ನೆಲ್ಲ ತಕರಾರಿಲ್ಲದೆ ಒಪ್ಪಿಕೊಂಡಿದ್ದರು. ಇವತ್ತು ಯಾರು ನಿಂತಿದ್ದಾರೆ ಎಂದು ನೋಡಿ ಅದಕ್ಕೆ ತಕ್ಕ ಹಾಗೆ ಬೀಸುತ್ತಿದ್ದರು. ನನ್ನ ಕಿಟಕಿ ಎಲ್ಲಿದೆ ಎಂಬುದು ಮಾತ್ರ ಅವರಿಗೂ ತಿಳಿಯಲಿಲ್ಲ.

ತಿಳಿದದ್ದು ಹಿಲ್ಡಾ ಬಾಯಿಗೆ. ನರ್ಸು ಎಂದಮೇಲೆ ಏನು ಕಂಡರೂ ಚಾರ್ಟು ಬರೆಯಬೇಕು, ಅದು ಅವರ ಕೈಯ ಚಟ. ಮಡಚುವ ಕುರ್ಚಿಯಲ್ಲಿ ಕೂತು, ರಟ್ಟಿನ ಮೇಲೆ ಕಾಗದ ಸಿಕ್ಕಿಸಿಕೊಂಡು, ನಾಲ್ಕು ಬಣ್ಣದ ಪೆನ್ನಿನಲ್ಲಿ ಪ್ರತಿಯೊಂದು ಚೆಂಡಿಗೂ ಒಂದು ಚುಕ್ಕೆ ಇಡುತ್ತಿದ್ದರು. ನಾನು ಸ್ಟ್ರೈಕ್ ಎಂದರೆ ಕೆಂಪು, ಬಾಲ್ ಎಂದರೆ ನೀಲಿ. ನಾನು ಅಂಪೈರಾಗಿ ನಿಂತ ಮೂರನೆಯ ಪಂದ್ಯದ ದಿನ ಜ್ಯೂಸ್ ಕುಡಿಯುವ ಬಿಡುವಿನಲ್ಲಿ ನನ್ನನ್ನು ಕರೆದರು.

“ಬನ್ನಿ, ನಿಮ್ಮ ರಿಪೋರ್ಟ್ ಬಂದಿದೆ.”

ರಿಪೋರ್ಟ್ ಎಂಬ ಮಾತು ಕೇಳಿದರೆ ಸಾಕು ನನ್ನ ಬಾಯಿ ಒಣಗುತ್ತದೆ. “ಸೀರಿಯಸ್ಸಾ?” ಎಂದೆ.

“ನೋಡಿ, ಇದು ಮೊದಲ ಚೆಂಡು. ಇಲ್ಲಿ ನೀವು ಸರಿ ಇದ್ದೀರಿ. ಪಲ್ಸ್ ನಾರ್ಮಲ್. ಇದು ಎರಡು ಸ್ಟ್ರೈಕ್ ಆದ ಮೇಲೆ. ಕಿಟಕಿ ಎಷ್ಟು ಸಣ್ಣ ಆಗಿದೆ ನೋಡಿ, ಬೆಕ್ಕಿನ ಮರಿ ಕೂಡ ನುಗ್ಲಿಕ್ಕಿಲ್ಲ. ಇನ್ನು ಇದು ಮೂರು ಬಾಲ್ ಆದ ಮೇಲೆ. ಇದರಲ್ಲಿ ನಮ್ಮ ಆಸ್ಪತ್ರೆಯ ಸ್ಟ್ರೆಚರ್ ಅಡ್ಡಕ್ಕೆ ಹೋಗ್ತದೆ.”

ನೋಡಿದರೆ ಹೌದು. ಕೆಂಪು ಚುಕ್ಕೆಗಳು ಒಂದು ಕಡೆ ಇರುವೆಯ ಸಾಲಿನಂತೆ ಒತ್ತಿಕೊಂಡಿದ್ದವು. ಇನ್ನೊಂದು ಕಡೆ ಕಾಗದದ ಅಂಚಿನ ತನಕ ಚೆಲ್ಲಿಹೋಗಿದ್ದವು.

“ಅಂದ್ರೆ ಕಣ್ಣು ತೋರಿಸಬೇಕಾ?”

“ಕಣ್ಣಿಗೆ ಎಂತದೂ ಆಗ್ಲಿಲ್ಲ ಮಾರಾಯ್ರೆ. ಮಗುವನ್ನು ಔಟ್ ಮಾಡ್ಲಿಕ್ಕೆ ನಿಮಗೆ ಧೈರ್ಯ ಇಲ್ಲ. ಸುಮ್ಮನೆ ಬೇಸ್ ಕೊಡ್ಲಿಕ್ಕೂ ಧೈರ್ಯ ಇಲ್ಲ. ಕಡೇ ಮಾತು ನಿಮ್ಮದಾಗ್ಬಾರ್ದು, ಅಷ್ಟೇ. ನಿಮ್ಮ ಕಿಟಕಿ ಗಾಳಿಗೆ ಬಡ್ಕೊಳ್ತಾ ಉಂಟು.”

ನಾನು ಜ್ಯೂಸಿನ ಸ್ಟ್ರಾ ಕಚ್ಚಿಕೊಂಡು ನಿಂತುಬಿಟ್ಟೆ. ನಲವತ್ತೈದು ವರ್ಷ ಯಾವ ವೈದ್ಯರಿಗೂ ಸಿಗದ ಕಾಯಿಲೆಯನ್ನು ಈ ಹೆಂಗಸು ನಾಲ್ಕು ಬಣ್ಣದ ಪೆನ್ನಿನಿಂದ ಹಿಡಿದುಬಿಟ್ಟಿದ್ದರು. ಯಾವ ಸೀರೆ ಉಡಲಿ ಎಂದು ಹೆಂಡತಿ ಕೇಳಿದರೆ ಎರಡೂ ಚೆನ್ನಾಗಿದೆ ಎನ್ನುವವನು ನಾನು. ಕಚೇರಿಯ ವರದಿಯಲ್ಲಿ ‘ಇನ್ನೊಮ್ಮೆ ಪರಿಶೀಲಿಸುವುದು ಒಳಿತು’ ಎಂದು ಬರೆಯದೆ ಸಹಿ ಹಾಕಿದ್ದೇ ಇಲ್ಲ. ಔಟ್ ಎಂದರೆ ಆ ಮಗು ಅತ್ತೀತು. ಬೇಸ್ ಕೊಟ್ಟರೆ ಎಸೆದ ಮಗು ಅತ್ತೀತು. ಇನ್ನೊಂದು ಚೆಂಡು ಬರಲಿ, ಅವರವರೇ ತೀರ್ಮಾನ ಮಾಡಿಕೊಳ್ಳಲಿ ಎಂದು ನನ್ನ ಕಿಟಕಿ ತಾನಾಗಿಯೇ ಮುಚ್ಚಿ ತೆರೆಯುತ್ತಿತ್ತು. ಅಂದಿನಿಂದ ನಿಯಮ ಪುಸ್ತಕವನ್ನು ಮಡಚಿಟ್ಟು, ಜಾಲರಿಯ ಒಳಗೆ ನನಗೆ ಮಾತ್ರ ಕೇಳುವಂತೆ ‘ನೋಡಿದ್ದನ್ನು ಹೇಳು, ನೋಡಿದ್ದನ್ನು ಹೇಳು’ ಎಂದುಕೊಳ್ಳುತ್ತ ಬಗ್ಗತೊಡಗಿದೆ. ಕಿಟಕಿ ಕ್ರಮೇಣ ಒಂದು ಹದಕ್ಕೆ ಬಂತು ಎಂದು ಚಾರ್ಟೇ ಹೇಳಿತು.

ಈಗ ಧೃತಿಯ ವಿಷಯಕ್ಕೆ ಬರುತ್ತೇನೆ. ತಂಡದಲ್ಲಿ ಅವಳೇ ಎಲ್ಲರಿಗಿಂತ ಪುಟ್ಟವಳು. ಹಾಗಾಗಿ ಅವಳ ಕಿಟಕಿಯೂ ಪುಟ್ಟದು, ಗೂಡಂಗಡಿಯ ಖಿಡ್ಕಿಯಷ್ಟು. ಎಸೆಯುವವರಿಗೆ ಅದರಲ್ಲಿ ಚೆಂಡು ತೂರಿಸುವುದೇ ಕಷ್ಟ. ಇವಳು ಬ್ಯಾಟನ್ನು ಹೆಗಲ ಮೇಲಿಟ್ಟು ಅಲುಗಾಡದೆ ನಿಲ್ಲುತ್ತಿದ್ದಳು. ನಾಲ್ಕು ಬಾಲ್ ಆದಾಗ ಬ್ಯಾಟು ಕೆಳಗಿಟ್ಟು ಮೊದಲ ಬೇಸಿಗೆ ನಡೆಯುತ್ತಿದ್ದಳು. ತಂಡದ ಮಕ್ಕಳು ಅವಳಿಗೆ ‘ಸ್ಟ್ಯಾಚೂ’ ಎಂದು ಹೆಸರಿಟ್ಟಿದ್ದರು. ಅವಳು ಆರಿಸಿ ಬಿಡುವುದಲ್ಲ, ಹೆದರಿ ನಿಲ್ಲುವುದು ಎಂದು ಆಡಿಕೊಳ್ಳುತ್ತಿದ್ದರು. ಸ್ವಂತ ಮಗುವಿನ ಪಂದ್ಯದಲ್ಲಿ ತಂದೆ ಹಲಗೆಯ ಹಿಂದೆ ನಿಲ್ಲಬಾರದೆಂಬ ಪದ್ಧತಿ ಇತ್ತು. ಆದರೂ ಜನ ಕಡಿಮೆಯಾದ ಒಂದೆರಡು ದಿನ ನಾನೇ ನಿಲ್ಲಬೇಕಾಗಿತ್ತು. ಆಗ ಸಿಕ್ಕಿದ ಬೇಸುಗಳಿಗೆ ‘ಅಪ್ಪನ ಗಿಫ್ಟ್’ ಎಂಬ ಹೆಸರು ಬೇರೆ.

ಆ ಸೀಸನ್ನಿನ ಕೊನೆಯ ಶುಕ್ರವಾರ ಬೆಳಿಗ್ಗೆ ಅವಳು ಕಾರ್ನ್‌ಫ್ಲೇಕ್ಸ್ ಬಟ್ಟಲನ್ನು ದೂಡಿ ಹೇಳಿದಳು: “ಇವತ್ತೂ ಸ್ಟ್ಯಾಚೂ ಅಂದ್ರೆ, ಐ ಆಮ್ ಡನ್. ನೆಕ್ಸ್ಟ್ ಇಯರ್ ಹೆಸರು ಕೊಡುದಿಲ್ಲ.”

“ಬೀಸಿ ನೋಡಬಹುದಲ್ಲ ಪುಟ್ಟ.”

“ಬ್ಯಾಡ್ ಪಿಚ್‌ಗೆ ಯಾಕೆ ಬೀಸ್ಬೇಕು?” ಎಂದಳು. ಆಮೇಲೆ ಸ್ವಲ್ಪ ತಡೆದು, “ಅದು ಬ್ಯಾಡ್ ಪಿಚ್ಚೇ ಅಲ್ವಾ ಅಪ್ಪ? ನನಗೇ ಡೌಟ್ ಬರ್ಲಿಕ್ಕೆ ಶುರುವಾಗಿದೆ” ಎಂದಳು.

ಅವಳಿಗೂ ನನ್ನ ರೋಗ ಅಂಟಿತು ಎಂದುಕೊಂಡೆ.

ಅಂದು ನಾನು ನಿಲ್ಲಬೇಕಾದದ್ದು ಮೊದಲ ಬೇಸಿನ ಹತ್ತಿರ. ಹಲಗೆಯ ಹಿಂದೆ ಗ್ಯಾರಿ. ಆದರೆ ಚಳಿಗಾಲದ ಮಂಜು ಇಲ್ಲಿ ಹೇಗೆಂದು ಗೊತ್ತಲ್ಲ, ರಸ್ತೆಯ ಮೇಲೆ ಹತ್ತಿ ಒತ್ತಿಟ್ಟ ಹಾಗೆ. ಅಬುಧಾಬಿಯ ಮಕ್ಕಳ ಬಸ್ಸು ಹೇಗೋ ಬಂದು ಮುಟ್ಟಿತು. ಮದೀನತ್ ಜಾಯೆದ್ ಕಡೆಯಿಂದ ಹೊರಟಿದ್ದ ಗ್ಯಾರಿ ಮಾತ್ರ ದಾರಿಬದಿಯ ಪೆಟ್ರೋಲ್ ಬಂಕಿನಲ್ಲಿ ಸಿಕ್ಕಿಬಿದ್ದು, ನೀವೇ ಶುರು ಮಾಡಿ ಎಂದು ಫೋನು ಮಾಡಿದ. ಅಂಪೈರಾಗಬಲ್ಲವರಲ್ಲಿ ಉಳಿದವರು ಇಬ್ಬರೇ, ನಾನು ಮತ್ತು ಹಿಲ್ಡಾ ಬಾಯಿ.

“ನೀವು ನಿಲ್ಲಿ ಬಾಯಿ. ನನ್ನ ಮಗಳು ಆಡುವುದಲ್ವಾ, ಸರಿಯಾಗುದಿಲ್ಲ.”

“ನಾನು ನಿಂತರೆ ನನ್ನ ತಂಡ, ನೀವು ನಿಂತರೆ ನಿಮ್ಮ ಮಗಳು. ನನಗೆ ಹನ್ನೆರಡು ಜನ, ನಿಮಗೆ ಒಬ್ಬಳು. ಪಕ್ಷಪಾತ ಕಡಿಮೆ ಇರುವುದು ನಿಮ್ಮದೇ. ಯಲ್ಲಾ, ಹಾಕಿ ಜಾಲರಿ.”

ಧೃತಿ ಬ್ಯಾಟು ಒರೆಸುತ್ತ ನನ್ನ ಹತ್ತಿರ ಬಂದು, ಯಾರಿಗೂ ಕೇಳದಂತೆ, “ಡೋಂಟ್ ಹೆಲ್ಪ್ ಮಿ” ಎಂದು ಹೋದಳು.

ಐದು ಇನ್ನಿಂಗ್ಸ್ ಚೆನ್ನಾಗಿಯೇ ಹೋಯಿತು. ನನ್ನ ಕಿಟಕಿಯ ಕೀಲಿಗೆ ಎಣ್ಣೆ ಹಾಕಿದಂತಿತ್ತು. ಆರನೆಯದು, ಕೊನೆಯದು. ನಮ್ಮ ಮಕ್ಕಳು ಒಂದು ರನ್ ಹಿಂದೆ. ಮೂರು ಬೇಸಿನಲ್ಲೂ ನಮ್ಮವರು ನಿಂತಿದ್ದಾರೆ, ಇಬ್ಬರು ಔಟಾಗಿದ್ದಾರೆ. ಬ್ಯಾಟು ಹಿಡಿದು ಬಂದವಳು ಧೃತಿ. ಮೂರು ಬಾಲ್ ಆಯಿತು, ಎರಡು ಸ್ಟ್ರೈಕ್ ಆಯಿತು. ಇನ್ನೊಂದು ಬಾಲ್ ಎಂದರೆ ಎಲ್ಲರೂ ಒಂದೊಂದು ಬೇಸು ಮುಂದೆ ಸರಿದು, ಒಂದು ರನ್ ತಾನಾಗಿ ಬಂದು ಆಟ ಸಮವಾಗುತ್ತದೆ. ಸ್ಟ್ರೈಕ್ ಎಂದರೆ ಮೂರನೆಯವಳೂ ಔಟ್, ಆಟವೇ ಮುಗಿಯಿತು. ಬದಿಯಲ್ಲಿ ಕೂತ ಪೋಷಕರ ಗದ್ದಲ ನಿಂತಿತು. ಅಷ್ಟೂ ಕಣ್ಣುಗಳು ನನ್ನ ಬೆನ್ನ ಮೇಲೆ ಇವೆ ಎಂದು ನನಗೆ ಅನಿಸಿತು. ಅಪ್ಪನ ಗಿಫ್ಟ್ ಬರುತ್ತದೆ ನೋಡಿ ಎಂದು ಯಾರೋ ಪಿಸುಗುಟ್ಟಿದಂತೆಯೂ ಕೇಳಿತು. ಬಹುಶಃ ಯಾರೂ ಹಾಗೆ ಹೇಳಿರಲಿಲ್ಲ.

ಚೆಂಡು ಬಂತು. ಹೊರಗಿನ ಕೆಳಮೂಲೆಗೆ. ಧೃತಿಯ ಬ್ಯಾಟು ಒಂದು ಗೆರೆ ಅಲುಗಿ, ತಡೆದು, ಹೆಗಲಲ್ಲೇ ಉಳಿಯಿತು. ಅವಳು ಕತ್ತು ತಿರುಗಿಸಿ ಚೆಂಡು ಕೈಗವಸಿನೊಳಗೆ ಹೋಗುವ ತನಕ ನೋಡಿದಳು.

“ಸ್ಟ್ರೈಕ್!”

ಕೂಗಿದ್ದು ನಾನೇ ಎಂದು ನನಗೆ ತಿಳಿದದ್ದು ನನ್ನ ಬಲಗೈ ಮೇಲೆದ್ದದ್ದನ್ನು ಕಂಡಾಗ. ಅಷ್ಟು ಗಟ್ಟಿಯಾಗಿ ನಾನು ಅದುವರೆಗೆ ಯಾವುದನ್ನೂ ಕೂಗಿರಲಿಲ್ಲ. ಅಬುಧಾಬಿಯ ಮಕ್ಕಳು ಕುಣಿದರು. ಧೃತಿ ಹೆಲ್ಮೆಟ್ ತೆಗೆಯದೆ ನನ್ನ ಪಕ್ಕದಿಂದಲೇ ನಡೆದುಹೋದಳು. ಬೆಂಚಿನ ಕಡೆಯಿಂದ ಯಾರೋ “ಸ್ಟ್ಯಾಚೂ” ಎಂದದ್ದು ಈ ಸಲ ನಿಜವಾಗಿಯೂ ಕೇಳಿತು.

 ಅಲ್ ನಹ್ದಾದಲ್ಲಿ ಕಾರು ನಿಲ್ಲಿಸಲು ಜಾಗ ಹುಡುಕುತ್ತ ನಾಲ್ಕು ಸುತ್ತು ಬಂದೆವು. ಆ ನಾಲ್ಕು ಸುತ್ತಿನಲ್ಲೂ ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು. ಮನೆಗೆ ಬಂದವಳೇ ಕೋಣೆಯ ಬಾಗಿಲು ಹಾಕಿಕೊಂಡಳು. ಹೆಂಡತಿ ಹುಬ್ಬಿನಲ್ಲೇ ಏನೆಂದು ಕೇಳಿದಳು. ಸೋತೆವು ಎಂದೆ. ನನ್ನ ಮುಖ ನೋಡಿ, ಬರೀ ಸೋತದ್ದಕ್ಕೆ ಇಷ್ಟು ಉದ್ದವಾಗುವ ಮುಖವಲ್ಲ ಇದು ಎಂದು ಅವಳಿಗೆ ಗೊತ್ತಾಯಿತು.

ಊಟ ಸೇರಲಿಲ್ಲ. ಆ ಚೆಂಡನ್ನು ಮನಸ್ಸಿನಲ್ಲಿ ಮತ್ತೆ ಮತ್ತೆ ಎಸೆದು ನೋಡಿದೆ. ಒಮ್ಮೆ ಒಳಗೆ ಬರುತ್ತಿತ್ತು, ಒಮ್ಮೆ ಹೊರಗೆ ಹೋಗುತ್ತಿತ್ತು. ನಾಲ್ಕು ಗಂಟೆಯ ಹೊತ್ತಿಗೆ ತಡೆಯಲಾರದೆ ಹಿಲ್ಡಾ ಬಾಯಿಗೆ ಫೋನು ಮಾಡಿದೆ. ಅವರ ಬಸ್ಸು ಆಗಷ್ಟೇ ಅಬುಧಾಬಿ ಮುಟ್ಟಿತ್ತು.

“ಬಾಯಿ, ಆ ಕಡೇ ಚೆಂಡು. ನಿಮ್ಮ ಚಾರ್ಟಲ್ಲಿ ಎಲ್ಲುಂಟು?”

ಆ ಕಡೆ ಕಾಗದ ಮಗುಚಿದ ಸದ್ದು. “ನಿಜವಾಗಿ ಬೇಕಾ ನಿಮಗೆ?”

“ಬೇಕು.”

ಚಾರ್ಟಿನ ಫೋಟೋ ಬಂತು. ಕಿಟಕಿಯ ಹೊರಗೆ, ಒಂದು ಇಡೀ ಚೆಂಡಿನಷ್ಟು ಆಚೆಗೆ, ಒಂಟಿ ಕೆಂಪು ಚುಕ್ಕೆ.

“ಆಗಲೇ ಹೇಳಬಹುದಿತ್ತಲ್ಲ ಬಾಯಿ?”

“ಅಂಪೈರ್ ಯಾರು, ನೀವಾ ನಾನಾ? ಹೇಳಿ ಕೊಡ್ಲಿಕ್ಕೆ ಅದೆಂತ ಮಗ್ಗಿಯಾ?” ಎಂದರು. ಆಮೇಲೆ ಧ್ವನಿ ತಗ್ಗಿಸಿ, “ನೋಡಿ, ಮೊದಲು ನೀವು ಮಗುವನ್ನು ಔಟ್ ಮಾಡ್ಲಿಕ್ಕೆ ಹೆದರ್ತಿದ್ರಿ. ಇವತ್ತು ಔಟ್ ಮಾಡದೆ ಬಿಡ್ಲಿಕ್ಕೆ ಹೆದರಿದ್ರಿ. ಕಾಯಿಲೆ ಅದೇ. ಈಗ ಡೋಸ್ ನನಗೆ ಕೊಡ್ಲಿಕ್ಕಾಗುದಿಲ್ಲ, ನೀವೇ ಹೋಗಿ ತಗೊಳ್ಳಿ” ಎಂದರು.

ಕೋಣೆಯ ಬಾಗಿಲು ತಟ್ಟಿದೆ. ಧೃತಿ ಗೋಡೆಯ ಕಡೆ ತಿರುಗಿ ಮಲಗಿದ್ದಳು.

“ಪುಟ್ಟ, ಆ ಕೊನೆಯ ಚೆಂಡು...”

“ಇಟ್ಸ್ ಓಕೆ ಅಪ್ಪ.”

“ಅದು ಬಾಲ್.”

ಬೆನ್ನು ಅಲುಗಲಿಲ್ಲ.

“ಹೊರಗೆ ಹೋಗಿತ್ತು. ನಿನಗೆ ಸಹಾಯ ಮಾಡಿದೆ ಅಂತ ಜನ ಹೇಳ್ತಾರೆ ಅಂತ ಹೆದರಿ ಸ್ಟ್ರೈಕ್ ಅಂದೆ. ನಿನ್ನ ಜಾಗದಲ್ಲಿ ಬೇರೆ ಮಗು ಇದ್ದಿದ್ರೆ ಬಾಲ್ ಅಂತಿದ್ದೆ. ತಪ್ಪು ನಂದು.”

ಅವಳು ಎದ್ದು ಕೂತಳು. ಅಳುತ್ತಾಳೆ, ಕೂಗಾಡುತ್ತಾಳೆ, ಇನ್ನು ಮದುವೆಯಾಗುವ ತನಕ ನನ್ನೊಂದಿಗೆ ಮಾತಾಡುವುದಿಲ್ಲ ಎಂದೆಲ್ಲ ನಾನು ಆ ಎರಡು ಸೆಕೆಂಡಿನಲ್ಲೇ ಕಲ್ಪಿಸಿಕೊಂಡು ಮುಗಿಸಿದ್ದೆ. ಅವಳು ನನ್ನ ಕೈಯಿಂದ ಫೋನು ಕಿತ್ತುಕೊಂಡು, ಫೋಟೋ ದೊಡ್ಡದು ಮಾಡಿ ನೋಡಿ, ಮಂಚದ ಮೇಲೆ ನಿಂತೇಬಿಟ್ಟಳು.

“ಐ ನ್ಯೂ ಇಟ್! ಸೋ ನಾನು ನೋಡಿದ್ದು ಕರೆಕ್ಟ್! ಅಮ್ಮಾ, ಅಪ್ಪ ವಾಸ್ ರಾಂಗ್!”

“ಅದರಲ್ಲಿ ಹೊಸತೆಂತ ಉಂಟು?” ಎಂದಿತು ಅಡುಗೆಮನೆ.

ಮಂಚದ ಮೇಲೆ ಕುಣಿಯುತ್ತ ಅವಳು ಹೇಳಿದ್ದರಿಂದ ನನಗೆ ತಿಳಿದದ್ದು ಇಷ್ಟು. ಪಂದ್ಯ ಸೋತದ್ದು ಅವಳಿಗೆ ದೊಡ್ಡದಾಗಿರಲಿಲ್ಲ. ನಾನು ಸ್ಟ್ರೈಕ್ ಎಂದ ಕ್ಷಣ ಅವಳಿಗೆ ಅನಿಸಿದ್ದು, ಮಕ್ಕಳು ಹೇಳುವುದೇ ನಿಜ, ನನಗೆ ಚೆಂಡು ಕಾಣುವುದೇ ಇಲ್ಲ, ನಾನು ಬರೀ ಹೆದರಿ ನಿಲ್ಲುವವಳು ಎಂದು. ಮಧ್ಯಾಹ್ನವಿಡೀ ಗೋಡೆ ನೋಡುತ್ತ ಅವಳು ತನ್ನ ಕಣ್ಣನ್ನೇ ನಂಬಬಾರದೆಂದು ತೀರ್ಮಾನಿಸುತ್ತಿದ್ದಳು. ನಾನು ಇನ್ನೊಂದು ದಿನ ಬಿಟ್ಟು ಹೋಗಿದ್ದರೆ ತೀರ್ಮಾನ ಗಟ್ಟಿಯಾಗಿಬಿಡುತ್ತಿತ್ತು.

ಕುಣಿತ ನಿಲ್ಲಿಸಿ, “ನೌ ಟೆಲ್ ದೆಮ್” ಎಂದಳು.

“ಯಾರಿಗೆ?”

“ಎವ್ರಿಬಡಿ.”

ಮುಂದಿನ ಶುಕ್ರವಾರದ ತನಕ ನಾನು ಪಟ್ಟ ಪಾಡು ಯಾರಿಗೂ ಬೇಡ. ಏನು ಹೇಳಬೇಕೆಂದು ಕಾಗದದಲ್ಲಿ ಬರೆದೆ, ಹರಿದೆ. ಪಂದ್ಯದ ಫಲಿತಾಂಶ ರದ್ದಾದೀತೇ, ನನ್ನನ್ನು ಪಟ್ಟಿಯಿಂದ ತೆಗೆದಾರೇ, ಗ್ಯಾರಿ ಸಿಟ್ಟಾಗುತ್ತಾನೆಯೇ ಎಂದೆಲ್ಲ ಲೆಕ್ಕ ಹಾಕಿದೆ. ಆ ದಿನ ಸೀಸನ್ ಮುಗಿದ ಖುಷಿಗೆ ಮಕ್ಕಳಿಗೆಲ್ಲ ಮೈದಾನದಲ್ಲೇ ತಿಂಡಿ ಕೊಡುತ್ತಿದ್ದರು. ಕೊನೆಗೂ ನಾನು ಎದ್ದು ನಿಂತೆ. ಕಳೆದ ವಾರದ ಕೊನೆಯ ಚೆಂಡು ಬಾಲ್ ಆಗಿತ್ತು, ಧೃತಿ ಬಿಟ್ಟದ್ದು ಸರಿ, ನಾನು ಹೇಳಿದ್ದು ತಪ್ಪು, ಅವಳು ನನ್ನ ಮಗಳು ಎಂಬುದೇ ತಪ್ಪಿಗೆ ಕಾರಣ, ಇಷ್ಟನ್ನು ಹೇಳಿ ಮುಗಿಸಿದೆ.

ಮೊದಲ ಬೇಸಿನಲ್ಲಿ ಆಡುತ್ತಿದ್ದ ದಪ್ಪ ಕನ್ನಡಕದ ಹುಡುಗಿಯೊಬ್ಬಳು ಸಮೋಸಾ ಅಗಿಯುತ್ತ, “ವಿ ನೋ, ಅಂಕಲ್. ಎವ್ರಿಬಡಿ ಸಾ ಇಟ್” ಎಂದಳು. ಮೂರನೆಯ ಬೇಸಿನಿಂದಲೂ ಕಾಣುತ್ತಿತ್ತಂತೆ. ಮಂಜಿನಲ್ಲಿ ತಡವಾಗಿ ಬಂದು ಪಾರ್ಕಿಂಗಿನಲ್ಲಿ ನಿಂತಿದ್ದ ಗ್ಯಾರಿಗೂ ಕಂಡಿತ್ತಂತೆ! ಹಾಗಾದರೆ ಅವಳನ್ನು ಸ್ಟ್ಯಾಚೂ ಎಂದದ್ದೇಕೆ ಎಂದು ನಾನು ಕೇಳಿದೆ.  ಕನ್ನಡಕದ ಹುಡುಗಿ ಸಮೋಸಾ ನುಂಗಿ, ಯೋಚಿಸಿ, “ಅಂಕಲ್, ಸ್ಟ್ಯಾಚೂ ಹ್ಯಾಸ್ ಬೆಟರ್ ಐಸ್ ದ್ಯಾನ್ ಯೂ” ಎಂದು ಇಂಗ್ಲಿಷಿನಲ್ಲಿ ತೀರ್ಪಿತ್ತಳು. ಎಲ್ಲರೂ ನಕ್ಕರು. ಧೃತಿ ಎಲ್ಲರಿಗಿಂತ ಗಟ್ಟಿಯಾಗಿ ನಕ್ಕಳು. ಆ ಹೆಸರು ಅವಳಿಗೆ ಹಾಗೇ ಉಳಿಯಿತು, ಅದರೊಳಗಿನ ಮುಳ್ಳು ಮಾತ್ರ ಹೋಯಿತು. ಮುಂದಿನ ವರ್ಷ ಹೆಸರು ಕೊಟ್ಟಳು. ಒಳ್ಳೆಯ ಚೆಂಡಿಗೆ ಬ್ಯಾಟೂ ಬೀಸತೊಡಗಿದಳು. ಹೆಚ್ಚಿನವು ತಾಗುತ್ತಿರಲಿಲ್ಲ, ಅದು ಬೇರೆ ಮಾತು.

ನಾನು ಮತ್ತೆ ಎರಡು ವರ್ಷ ಬಗ್ಗಿದೆ. ನನ್ನ ಕಿಟಕಿ ಪುಸ್ತಕದ ಕಿಟಕಿ ಆಗಲೇ ಇಲ್ಲ. ಹಿಲ್ಡಾ ಬಾಯಿಯದ್ದೂ ಆಗಿರಲಿಲ್ಲ, ಗ್ಯಾರಿಯದ್ದೂ ಆಗಿರಲಿಲ್ಲ. ಮನುಷ್ಯರು ಒಂದೊಂದು ಎತ್ತರದವರು, ಒಂದೊಂದು ನೋವಿನವರು, ಒಂದೊಂದು ಹೆದರಿಕೆಯವರು; ಕಣ್ಣು ನೋಡಿದ ಮೇಲೆ ಬಾಯಿ ಹೇಳುವ ಮೊದಲು ನಡುವೆ ಅಷ್ಟೆಲ್ಲ ದಾಟಿ ಬರಬೇಕು. ಹಿಲ್ಡಾ ಬಾಯಿ ನಿವೃತ್ತಿಯಾಗಿ ಊರಿಗೆ ಹೋದರು. ಹೋಗುವ ಮೊದಲು ಫೋನು ಮಾಡಿ, “ನಿಮ್ಮದು ಡಿಸ್ಚಾರ್ಜ್ ಬರೆದಿದ್ದೇನೆ. ಫಾಲೋ ಅಪ್ ನೀವೇ ನೋಡ್ಕೊಳ್ಳಿ” ಎಂದಿದ್ದರು.

ಧೃತಿ ಈಗ ಮಣಿಪಾಲದಲ್ಲಿ ಓದುತ್ತಿದ್ದಾಳೆ. ಮೊಣಕಾಲಿನ ಸಮಾಚಾರವನ್ನು ನಿನ್ನೆ ಅವಳಿಗೆ ಬರೆದೆ. ಉತ್ತರಕ್ಕೆ ಬದಲು ಒಂದು ವೀಡಿಯೊ ಕಳುಹಿಸಿದಳು. ಎಲ್ಲೋ ದೊಡ್ಡವರ ಪಂದ್ಯ. ಪರದೆಯ ಮೇಲೆ ಗೆರೆ ಎಳೆದ ಕಿಟಕಿ, ಯಂತ್ರವೇ ಚೆಂಡು ನೋಡಿ ಸ್ಟ್ರೈಕ್, ಬಾಲ್ ಹೇಳುತ್ತದೆ. ಕೆಳಗೆ ಬರೆದಿದ್ದಳು: ‘ಇನ್ನು ನಿಮಗೆ ಬಗ್ಗುವ ಕೆಲಸ ಇಲ್ಲ ಅಪ್ಪ.’

ಚೌಕಟ್ಟಿರುವ ಆ ಕಿಟಕಿಯನ್ನು ಎರಡು ಮೂರು ಸಲ ನೋಡಿದೆ. ಹಿಂದಿನ ನಾನಾಗಿದ್ದರೆ ಅದನ್ನು ಕಂಡು ಆನಂದಬಾಷ್ಪ ಸುರಿಸುತ್ತಿದ್ದೆ. ಗುಳ್ಳೆಯೇ ತೀರ್ಪು ಕೊಡುವ ಲೋಕ. ಈಗ ಏನೋ ಸ್ವಲ್ಪ ಹೊಟ್ಟೆಕಿಚ್ಚಾಯಿತು. ತುಂಬ ಯೋಚಿಸಿ, ಒಳ್ಳೆಯ ಮಾತೊಂದು ಸಿಕ್ಕಿತೆಂಬ ಹೆಮ್ಮೆಯಿಂದ ಬರೆದೆ: ‘ಸರಿ. ಆದರೆ ಮುಂದಿನ ಶುಕ್ರವಾರ ಎದ್ದು ನಿಂತು, ತಪ್ಪು ನಂದು ಅಂತ ಹೇಳ್ಲಿಕ್ಕೆ ಆ ಯಂತ್ರಕ್ಕೆ ಆಗ್ತದಾ?’

ಅರೆ ನಿಮಿಷವೂ ಆಗಲಿಲ್ಲ. ಉತ್ತರ ಬಂತು: ‘ಅದಕ್ಕೆ ಆ ಅಗತ್ಯವೇ ಬರುದಿಲ್ವಲ್ಲ ಅಪ್ಪ.’

ಚೆಂಡು ಕಿಟಕಿಯ ನಟ್ಟನಡುವೆ ಹಾದುಹೋಗಿತ್ತು. ಇದಕ್ಕೊಂದು ‘ಆದರೆ’, ಅದಕ್ಕೊಂದು ‘ಅಂದಹಾಗೆ’ ಎಂದು ನಾಲ್ಕು ಮೆಸೇಜು ಬರೆದು ಅಳಿಸುವುದು ನನ್ನ ಹಳೆಯ ಅಭ್ಯಾಸ. ಈ ಸಲ ಯೋಚಿಸಲಿಲ್ಲ. ‘ಸ್ಟ್ರೈಕ್’ ಎಂದು ಬರೆದು ಕಳುಹಿಸಿದೆ.